ತಪ್ಪಿದ ಕೂಲಿಯ ಲೆಕ್ಕ

ರಗ್ಬಿಯನ್ನು ನಾವು ಆಡಿದವರಲ್ಲ, ನೋಡಿದವರೂ ಅಲ್ಲ. ನಮಗೆ ಗೊತ್ತಿದ್ದದ್ದು ಕಬಡ್ಡಿ, ಲಗೋರಿ, ಚಿಣ್ಣಿದಾಂಡು. ಆದರೂ ಡೇವಿಡ್ ಸ್ಟೋರಿ 1960ರಲ್ಲಿ ಹೊರತಂದ 'ದಿಸ್ ಸ್ಪೋರ್ಟಿಂಗ್ ಲೈಫ್' ಎಂಬ ಇಂಗ್ಲಿಷ್ ಕಾದಂಬರಿಯನ್ನು ಕೆಳಗಿಡದೆ ಓದಿದೆವು. ಸ್ಕ್ರಮ್ ಅಂದರೇನು, ಟ್ಯಾಕಲ್ ಅಂದರೇನು ಅಂತ ಸ್ಟೋರಿ ಪಾಠ ಹೇಳುವುದಿಲ್ಲ. ಶುರುವಿನಲ್ಲೇ ಆಟಗಾರ ಆರ್ಥರ್ ಮೇಚಿನ್‌ನ ಮುಂಬಲ್ಲುಗಳು ಮುರಿಯುತ್ತವೆ. ಬಾಯಿ ತುಂಬ ರಕ್ತ. ಅದಕ್ಕೆ ಅರ್ಥಕೋಶ ಬೇಕೇನ್ರೀ?

ಮೇಚಿನ್ ಕಾರ್ಖಾನೆಯಲ್ಲಿ ಲೇತ್ ಯಂತ್ರದ ಕೆಲಸಗಾರ. ಕಾರ್ಖಾನೆಯ ಧಣಿ ವೀವರ್‌ಗೆ ಆಟದ ಕ್ಲಬ್ಬಿನ ಮೇಲೂ ಹಿಡಿತ. ವಾರವೆಲ್ಲ ಅವನ ಯಂತ್ರದ ಮುಂದೆ, ಶನಿವಾರ ಅವನ ಮೈದಾನದಲ್ಲಿ. ಇದು ನಮಗೆ ಸಲೀಸಾಗಿ ತಿಳಿಯಿತು. ತಿಳಿಯದೆ ಉಳಿದದ್ದು ಒಂದೇ: ದೊಡ್ಡ ಶಾಲೆಗಳ ಹುಡುಗರು ಕಾಸಿಲ್ಲದೆ ಆಡುವ ರಗ್ಬಿ ಒಂದಿರುವಾಗ, ಕಾಸು ತಗೊಂಡು ಆಡುವ ಈ ಇನ್ನೊಂದು ರಗ್ಬಿ ಎಲ್ಲಿಂದ ಬಂತು? ಇದಕ್ಕೆ ಕಾದಂಬರಿ ಬಿಟ್ಟು ಚರಿತ್ರೆಗೇ ಹೋಗಬೇಕಾಯಿತು.

ರಗ್ಬಿ ಎಂಬ ಶ್ರೀಮಂತರ ಶಾಲೆಯ ಹೆಸರೇ ಆಟಕ್ಕೂ ಬಂದದ್ದು. ಆಟದ ಯೂನಿಯನ್ ಹುಟ್ಟಿದ್ದು 1871ರಲ್ಲಿ. ಅಷ್ಟರಲ್ಲಿ ಯಾರ್ಕ್‌ಷೈರ್, ಲ್ಯಾಂಕಷೈರ್‌ಗಳ ಗಿರಣಿಯವರು, ಗಣಿಯವರು, ಬಂದರಿನ ಹಮಾಲರು ಆಟವನ್ನು ಕಲಿಯುತ್ತಿದ್ದರು, ಕಲಿತು ಗೆಲ್ಲತೊಡಗಿದರು. ಆದರೆ ಶನಿವಾರವೂ ಅರ್ಧ ದಿನ ದುಡಿಯಬೇಕು. ದೂರದೂರಿಗೆ ಆಡಲು ಹೋದರೆ ಆ ದಿನದ ಕೂಲಿ ಹೋಯ್ತು. ಅವರು ಆಟಕ್ಕೆ ಸಂಬಳ ಕೇಳಲಿಲ್ಲ, ತಪ್ಪಿದ ಕೂಲಿ ತುಂಬಿಕೊಡಿ ಅಂದರು, ಅಷ್ಟೇ. 1893ರಲ್ಲಿ ಲಂಡನ್ನಿನ ಸಭೆಯಲ್ಲಿ ಯಾರ್ಕ್‌ಷೈರಿನವರು ಈ ಮಾತು ಎತ್ತಿದಾಗ ಪರ 136 ಮತ, ವಿರುದ್ಧ 282. ದುಡಿಯದೆ ಉಣ್ಣುವವನಿಗೆ ಕೂಲಿ ತಪ್ಪುವ ಸಂಕಟ ಹೇಗೆ ಗೊತ್ತಾದೀತು?

1895ರ ಆಗಸ್ಟ್ 29ರಂದು ಹಡರ್ಸ್‌ಫೀಲ್ಡಿನ ಜಾರ್ಜ್ ಹೋಟೆಲಿನಲ್ಲಿ ಉತ್ತರದ ಕ್ಲಬ್ಬುಗಳು ಸೇರಿ ಬೇರೆಯಾದವು. ತಪ್ಪಿದ ಕೂಲಿಗೆ ದಿನಕ್ಕೆ ಆರು ಶಿಲ್ಲಿಂಗ್ ಮಿತಿ. 1898ರಲ್ಲಿ ಆಟಕ್ಕೇ ಹಣ ಕೊಡಲು ಒಪ್ಪಿದರು, ಆದರೆ ಆಟಗಾರನಿಗೆ ಬೇರೊಂದು ಕೆಲಸ ಇರಲೇಬೇಕು ಎಂದರು. 1906ಕ್ಕೆ ತಂಡ ಹದಿನೈದರಿಂದ ಹದಿಮೂರಕ್ಕಿಳಿಯಿತು. ಹೀಗೆ ಆಟವೇ ಎರಡಾಯಿತು.

ಹಳೇ ಯೂನಿಯನ್ನು ಆಮೇಲೆ ನಡೆದುಕೊಂಡ ರೀತಿಗೆ ನಮ್ಮಲ್ಲಿ ಸರಿಯಾದ ಮಾತಿದೆ: ಮಡಿ. ಕಾಸು ಮುಟ್ಟಿದವನು ಮೈಲಿಗೆ. ಮುಟ್ಟಿದವನ ಜೊತೆ ಒಂದು ಕಾಸೂ ಪಡೆಯದೆ ಆಡಿದವನೂ ಮೈಲಿಗೆ, ಅವನಿಗೂ ಜೀವಮಾನ ಬಾಗಿಲು ಬಂದ್. ಇದನ್ನು ಜಾತಿ ಅಂತಲೇ ಕರೆದರೆ ಸುಳ್ಳಾದೀತು. ಗಣಿಯವನ ಮಗ ಓದಿ ಮೇಲೆ ಬಂದರೆ ಅವನ ಹುಟ್ಟನ್ನು ಯಾರೂ ಬಾವಿಕಟ್ಟೆಯಲ್ಲಿ ಕೇಳುತ್ತಿರಲಿಲ್ಲ. ಆದರೂ ಮಡಿಯ ವಾಸನೆ ನಮ್ಮ ಮೂಗಿಗೆ ಬೇಗ ಬಡಿಯುತ್ತದೆ.

ಇಷ್ಟು ತಿಳಿದು ಮತ್ತೆ ಓದಿದೆವು. ಈ ಸಲ ನಿಂತದ್ದು ಮೈದಾನದಲ್ಲಲ್ಲ, ಮೇಚಿನ್ ಬಾಡಿಗೆಗಿದ್ದ ಮನೆಯ ಒಲೆಯ ಪಕ್ಕ. ಆ ಮನೆಯೊಡತಿ ಹ್ಯಾಮಂಡ್ ವಿಧವೆ. ಗಂಡ ಸತ್ತದ್ದು ಅದೇ ವೀವರ್ ಕಾರ್ಖಾನೆಯಲ್ಲಿ. ಅವನ ಬೂಟುಗಳು ಇನ್ನೂ ಒಲೆಯ ಬದಿಗಿವೆ. ಅವಳ ಮೇಲೂ ಮೇಚಿನ್ ಮೈದಾನದ ತೋಳ್ಬಲವನ್ನೇ ತೋರಿಸುತ್ತಾನೆ. ದುಡಿಯುವವನೆಂಬ ಕಾರಣಕ್ಕೆ ಅವನನ್ನು ಬಿಟ್ಟುಬಿಡುವುದು ನಮ್ಮಿಂದಾಗದು. ಸ್ಟೋರಿಯೂ ಬಿಟ್ಟಿಲ್ಲ, ಅದು ಅವನ ದೊಡ್ಡತನ.

ಸ್ಟೋರಿಯೂ ಗಣಿ ಕೆಲಸಗಾರನ ಮಗ, 1933ರಲ್ಲಿ ವೇಕ್‌ಫೀಲ್ಡಿನಲ್ಲಿ ಹುಟ್ಟಿದವನು. ಲಂಡನ್ನಿನಲ್ಲಿ ಚಿತ್ರಕಲೆ ಓದುತ್ತ, ವಾರದ ಕೊನೆಗೆ ರೈಲು ಹತ್ತಿ ಲೀಡ್ಸ್ ಕ್ಲಬ್ಬಿಗೆ ಆಡಲು ಹೋಗುತ್ತಿದ್ದ. ಹಾಗಾಗಿ ಮುರಿದ ಹಲ್ಲಿನ ನೋವನ್ನು ಅವನು ಯಾರನ್ನೂ ಕೇಳಿ ಬರೆದದ್ದಲ್ಲ.

ಹಳೇ ಯೂನಿಯನ್ನು ಮಡಿ ಬಿಚ್ಚಿದ್ದು 1995ರ ಆಗಸ್ಟಿನಲ್ಲಿ, ಹಡರ್ಸ್‌ಫೀಲ್ಡಿನ ಸಭೆಗೆ ನೂರು ವರ್ಷ ತುಂಬಲು ಇನ್ನು ಮೂರು ದಿನ ಇದ್ದಾಗ. ಅಷ್ಟು ಹೊತ್ತಿಗೆ ಯಾರ್ಕ್‌ಷೈರಿನ ಕಲ್ಲಿದ್ದಲ ಗಣಿಗಳು ಬಹುಪಾಲು ಮುಚ್ಚಿಹೋಗಿದ್ದವು.