ಬುಕ್ಕರಾಯನ ಸಮಯಶಾಸನ

ಪ್ರಬಲರಾದವರ ಹಕ್ಕು ನಿರ್ಬಾಧವಾಗಿ ನಡೆಯುವುದಕ್ಕೆ ಶಾಸನದ ಅಪೇಕ್ಷೆಯಿಲ್ಲ. ಅವರ ಬಲವೇ ಅವರಿಗೆ ಶಾಸನವಾಗಿರುವುದು. ಕಲಹವು ತಲೆದೋರಿದಾಗ ಸಂಖ್ಯೆಯಲ್ಲಿ ಅಲ್ಪರಾದವರ ಮಾನವೂ ಮನೆಯೂ ದೇವಾಲಯವೂ ಉಳಿಯುವುವೇ ಎಂಬುದರಿಂದಲೇ ಒಂದು ರಾಜ್ಯದ ನ್ಯಾಯವನ್ನು ಅಳೆಯಬೇಕು. ಈ ಪರೀಕ್ಷೆಗೆ ನಮ್ಮ ನಾಡಿನ ಇತಿಹಾಸದಲ್ಲಿ ಒದಗುವ ಸಾಕ್ಷ್ಯಗಳಲ್ಲಿ ಶ್ರವಣಬೆಳಗೊಳದ ಭಂಡಾರಿ ಬಸದಿಯ ಬಳಿಯ ಕ್ರಿ. ಶ. ೧೩೬೮ರ ಶಿಲಾಶಾಸನವು ಅಗ್ರಗಣ್ಯವಾದುದು. ೧೮೮೯ರಲ್ಲಿ ರೈಸ್ ಮಹಾಶಯರು ಬೆಳಗೊಳದ ಶಾಸನಗಳನ್ನು ಪ್ರಕಟಿಸಿದಂದಿನಿಂದಲೂ ಇದು ವಿದ್ವಾಂಸರಿಗೆ ಸುಪರಿಚಿತವಾಗಿದೆ. ಆದರೆ ಇದನ್ನು ಮತಸಹಿಷ್ಣುತೆಯ ನಿದರ್ಶನವೆಂದು ಕೊಂಡಾಡಿ ಮುಂದೆ ಸಾಗುವುದೇ ರೂಢಿಯಾಗಿಹೋಗಿದೆ. ಇದನ್ನು ಒಂದು ನ್ಯಾಯಪತ್ರವೆಂದು ಭಾವಿಸಿ, ಇದು ಯಾರಿಗೆ ಏನನ್ನು ಕೊಟ್ಟಿತು, ಯಾರ ಮೇಲೆ ಯಾವ ಹೊಣೆಯನ್ನು ಹೊರಿಸಿತು, ಎಲ್ಲಿ ಕೊರತೆಯಾಯಿತು ಎಂದು ವಿಚಾರಿಸಿ ಓದುವುದು ಹೆಚ್ಚು ಪ್ರಯೋಜನಕರವೆಂದು ತೋರುವುದು.

ಗಂಗರ ಕಾಲದಿಂದ ಹೊಯ್ಸಳರವರೆಗೆ ಕನ್ನಡನಾಡಿನಲ್ಲಿ ಜೈನರಿಗೆ ರಾಜಾಶ್ರಯವು ಹೇರಳವಾಗಿದ್ದಿತು. ಮೇಲೆ ಹೇಳಿದ ಭಂಡಾರಿ ಬಸದಿಯನ್ನೇ ಹೊಯ್ಸಳ ನರಸಿಂಹನ ಭಂಡಾರಿಯಾದ ಹುಳ್ಳನು ೧೧೫೯ರಲ್ಲಿ ಕಟ್ಟಿಸಿದನು. ರಾಮಾನುಜಾಚಾರ್ಯರ ತರುವಾಯ ಶ್ರೀವೈಷ್ಣವ ಸಮಯವು ಮೇಲುಕೋಟೆಯೇ ಮೊದಲಾದೆಡೆಗಳಲ್ಲಿ ಬೇರೂರಿ ಬೆಳೆದಂತೆಲ್ಲ ಜೈನರ ಬಲವು ಕುಗ್ಗಿತು. ೧೩೫೬ರಲ್ಲಿ ಬುಕ್ಕರಾಯನು ವಿಜಯನಗರದ ಪಟ್ಟಕ್ಕೆ ಬಂದಾಗ ರಾಜ್ಯವು ಇನ್ನೂ ಎಳೆಯದು. ಬಹಮನಿ ಸುಲ್ತಾನರೊಡನೆ ಯುದ್ಧವು ನಡೆಯುತ್ತಿದ್ದ ಕಾಲವದು. ಹೊರಗೆ ಶತ್ರುವನ್ನಿಟ್ಟುಕೊಂಡ ಅರಸನು ಒಳಗಿನ ಪ್ರಬಲ ಪಕ್ಷವನ್ನು ಎದುರುಹಾಕಿಕೊಳ್ಳಲು ಹಿಂಜರಿಯುವುದು ಲೋಕರೂಢಿ.

ಇಂತಹ ಸಮಯದಲ್ಲಿ, ಶಾಲಿವಾಹನ ಶಕ ೧೨೯೦ನೆಯ ಕೀಲಕ ಸಂವತ್ಸರದ ಭಾದ್ರಪದಮಾಸದಲ್ಲಿ, ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹ ಮೊದಲಾದ ನಾಡುಗಳ ಜೈನರು ರಾಯನ ಸನ್ನಿಧಿಗೆ ಬಂದು, ಭಕ್ತರು ತಮಗೆ ಮಾಡುತ್ತಿರುವ ಅನ್ಯಾಯಗಳನ್ನು ಬಿನ್ನವಿಸಿದರು. ಭಕ್ತರೆಂದರೆ ಇಲ್ಲಿ ಶ್ರೀವೈಷ್ಣವರು. ತೀರ್ಪಿನಿಂದ ಊಹಿಸುವುದಾದರೆ ವಿವಾದವು ಕಳಶಕ್ಕೂ ಪಂಚಮಹಾವಾದ್ಯಗಳಿಗೂ ಸಂಬಂಧಿಸಿದುದು. ಇವು ಅಲ್ಪವಿಷಯಗಳೆಂದು ಎಣಿಸಬಾರದು. ಬೀದಿಯಲ್ಲಿ ವಾದ್ಯ ನುಡಿಸುವ ಅಧಿಕಾರವೆಂದರೆ, ಊರಿನಲ್ಲಿ ನಾಲ್ವರಂತೆ ತಲೆಯೆತ್ತಿ ನಡೆಯುವ ಅಧಿಕಾರವೆಂದೇ ಅರ್ಥ.

ರಾಯನು ಶ್ರೀರಂಗ, ತಿರುಮಲೆ, ಕಂಚಿ, ಮೇಲುಕೋಟೆಗಳ ಆಚಾರ್ಯರನ್ನೂ, ಹದಿನೆಂಟು ನಾಡಿನ ಶ್ರೀವೈಷ್ಣವರನ್ನೂ ಕರೆಯಿಸಿದನು. ಬಂದವರಲ್ಲಿ ಪೀಠಸ್ಥರು ಮಾತ್ರವಲ್ಲದೆ ಸಾಮಂತರೂ, ತಿರುಕುಲ ಜಾಂಬವಕುಲದವರೂ ಇದ್ದರೆಂಬುದು ಗಮನಾರ್ಹವಾದುದು. ಅವರೆಲ್ಲರ ಕೈಯಲ್ಲಿ ಜೈನರ ಕೈಯನ್ನಿರಿಸಿ, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿದನು. ಜೈನರಿಗೆ ಪೂರ್ವದಿಂದ ಸಲ್ಲುತ್ತಿದ್ದ ವಾದ್ಯ ಕಳಶಗಳು ಸಲ್ಲತಕ್ಕುವೆಂದೂ, ಭಕ್ತರ ದೆಸೆಯಿಂದ ಜೈನದರ್ಶನಕ್ಕೆ ಹಾನಿಯಾಗಲಿ ವೃದ್ಧಿಯಾಗಲಿ ಉಂಟಾದರೆ ಅದನ್ನು ವೈಷ್ಣವರು ತಮ್ಮ ದರ್ಶನದ್ದೇ ಎಂದು ಎಣಿಸಬೇಕೆಂದೂ ವಿಧಿಸಿದನು.

ಈ ತೀರ್ಪಿನ ರಚನೆಯಲ್ಲಿ ಮೂರು ಅಂಶಗಳು ವಿಚಾರಾರ್ಹವಾಗಿವೆ. ಮೊದಲನೆಯದು, ಹೊಣೆಯು ಯಾರದೆಂಬುದು. ದುರ್ಬಲರಿಗೆ ಅಭಯವನ್ನು ಕೊಟ್ಟು ಸುಮ್ಮನಾಗದೆ, ಪ್ರಬಲ ಪಕ್ಷದ ಮುಖಂಡರನ್ನೇ ರಾಯನು ರಕ್ಷಕರನ್ನಾಗಿ ಕಟ್ಟಿಹಾಕಿದನು. ಎರಡನೆಯದು, ಪ್ರಕಟನೆ. ರಾಜ್ಯದ ಎಲ್ಲ ಬಸದಿಗಳಲ್ಲಿಯೂ ಈ ಶಾಸನವನ್ನು ಶ್ರೀವೈಷ್ಣವರೇ ನೆಟ್ಟು ಪಾಲಿಸಬೇಕೆಂದು ಆಜ್ಞೆಯಾಯಿತು. ಮಾಗಡಿ ತಾಲ್ಲೂಕಿನ ಕಲ್ಯದಲ್ಲಿ ಇದರ ಇನ್ನೊಂದು ಪ್ರತಿಯು ದೊರೆತಿದೆ. ಮೂರನೆಯದು, ವ್ಯವಸ್ಥೆ. ಬೆಳಗೊಳದ ದೇವರ ಅಂಗರಕ್ಷಣೆಗೆ ಇಪ್ಪತ್ತು ಮಂದಿ ಕಾವಲಿನವರನ್ನು ನೇಮಿಸಿ, ಉಳಿದ ದ್ರವ್ಯದಿಂದ ಜೀರ್ಣ ಜಿನಾಲಯಗಳಿಗೆ ಸುಣ್ಣ ಬಳಿಯಿಸುವ ಭಾರವು ತಿರುಮಲೆಯ ತಾತಯ್ಯನ ಮೇಲೆ ಬಿದ್ದಿತು. ಕಟ್ಟಳೆಯನ್ನು ಮೀರಿದವನು ರಾಜದ್ರೋಹಿ, ಸಂಘದ್ರೋಹಿ; ತಪಸ್ವಿಯಾದರೂ ಗ್ರಾಮದ ಮುಖ್ಯಸ್ಥನಾದರೂ ಅವನಿಗೆ ವಿನಾಯಿತಿಯಿಲ್ಲ.

ಈ ಧರ್ಮವು ಬುಕ್ಕನ ನೂತನ ಕಲ್ಪನೆಯಲ್ಲ. ವೇದಬಾಹ್ಯರಾದ ಪಾಷಂಡರ ಸಮಯಗಳನ್ನೂ ಅರಸನು ಕಾಪಾಡಬೇಕೆಂದು ನಾರದಸ್ಮೃತಿಯು ವಿಧಿಸುವುದು. ಶ್ರೇಣಿ, ನೈಗಮ, ಪಾಷಂಡಿಗಳ ಪೂರ್ವವೃತ್ತಿಯನ್ನು ಪಾಲಿಸಬೇಕೆಂಬುದು ಯಾಜ್ಞವಲ್ಕ್ಯರ ಮತ. ಆ ಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನಾದರೋ ನಮ್ಮ ಕಲ್ಯಾಣದವನೇ. ಇಲ್ಲೊಂದು ವಿಚಿತ್ರವಿದೆ. ಬೆಳಗೊಳದ ಶಾಸನದ ಮೊದಲಿನಲ್ಲಿ ರಾಮಾನುಜರ ಸ್ತುತಿಪದ್ಯವಿದ್ದು, ಅದರಲ್ಲಿ ಈ ಪಾಷಂಡಶಬ್ದವೇ ನಿಂದಾರ್ಥದಲ್ಲಿ ಬಂದಿರುವುದು. ಸ್ತೋತ್ರವು ಯಾರನ್ನು ಹಳಿಯುವುದೋ, ಅದರ ಕೆಳಗಿನ ತೀರ್ಪು ಅವರನ್ನೇ ರಕ್ಷಿಸುವುದು. ಪರಸ್ಪರ ಪ್ರೀತಿಯು ಹುಟ್ಟುವ ತನಕ ನ್ಯಾಯವು ಕಾಯಬೇಕಾಗಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನವು ಬೇಕೆ?

ಆದರೆ ಇತಿಹಾಸವನ್ನು ಬರೆಯುವವನು ವಂದಿಮಾಗಧನಾಗಬಾರದು. ಕಾವಲಿನ ವೆಚ್ಚಕ್ಕಾಗಿ ಮನೆಗೆ ವರ್ಷಕ್ಕೊಂದು ಹಣದಂತೆ ತೆತ್ತವರು ಜೈನರೇ. ಅವರ ಒಪ್ಪಿಗೆಯಿಂದಲೇ ಇದು ನಡೆಯಿತೆಂದು ಶಾಸನವು ಹೇಳುವುದಾದರೂ, ಅನ್ಯಾಯವನ್ನು ಅನುಭವಿಸಿದವರೇ ರಕ್ಷಣೆಯ ಬೆಲೆಯನ್ನೂ ತೆತ್ತಂತಾಯಿತು. ಆ ಹಣವನ್ನು ಎತ್ತುವವನೂ ಎದುರು ಪಕ್ಷದವನೇ. ಇದಲ್ಲದೆ, ಕೈಯನ್ನು ಕೈಯಲ್ಲಿರಿಸುವುದು ಸ್ನೇಹದ ಸಂಕೇತವಾಗಿರುವಂತೆಯೇ ಒಪ್ಪಿಸಿಕೊಡುವುದರ ಸಂಕೇತವೂ ಆಗಿದೆ. ಸಮಯಕ್ಕೆ ಸಮಯವಾಗಿ ರಕ್ಷಣೆ ದೊರೆಯಿತೇ ಹೊರತು, ಒಬ್ಬೊಬ್ಬ ಪ್ರಜೆಗೆ ಮನುಷ್ಯನೆಂಬ ಕಾರಣದಿಂದ ದೊರೆಯಲಿಲ್ಲ. ಆದರೂ ಏರ್ಪಾಡು ಬರಿಯ ಮಾತಾಗಿ ಉಳಿಯಲಿಲ್ಲವೆಂಬುದಕ್ಕೆ ಶಾಸನದ ಕಡೆಯ ಪಂಕ್ತಿಗಳೇ ಸಾಕ್ಷಿ. ಕಲ್ಲೆಹದ ಬುಸುವಿಸೆಟ್ಟಿಯು ರಾಯನಿಗೆ ಬಿನ್ನವಿಸಿ, ತಾತಯ್ಯನನ್ನು ಬರಮಾಡಿಸಿ ಜೀರ್ಣೋದ್ಧಾರವನ್ನು ಮಾಡಿಸಲು, ಎರಡು ಸಮಯದವರೂ ಕೂಡಿ ಅವನಿಗೆ ಸಂಘನಾಯಕ ಪದವಿಯನ್ನು ಕಟ್ಟಿದರು.

ಇಂತಹ ಏರ್ಪಾಡಿನ ಮಿತಿಯು ೨೭೦ ವರ್ಷಗಳ ಬಳಿಕ ಹಳೇಬೀಡಿನಲ್ಲಿ ಸ್ಪಷ್ಟವಾಗಿ ಕಾಣಬಂದಿತು. ೧೬೩೮ರಲ್ಲಿ ಹುಚ್ಚಪ್ಪದೇವನೆಂಬವನು ವಿಜಯಪಾರ್ಶ್ವನಾಥ ಬಸದಿಯ ಕಂಬಗಳ ಮೇಲೆ ಲಿಂಗಮುದ್ರೆಯನ್ನೊತ್ತಲು, ವಿಜಯಪ್ಪನೆಂಬ ಜೈನನು ಅದನ್ನು ಅಳಿಸಿದನು. ವೀರಶೈವ ಮಹಾಮಹತ್ತಿನವರು ಸಭೆ ಸೇರಿ, ಬಸದಿಯ ಪೂಜಾದಿಗಳು ಹಿಂದಿನಂತೆ ನಡೆಯಲೆಂದೂ, ಅದಕ್ಕೆ ಅಡ್ಡಿಮಾಡುವ ತಮ್ಮವನು ಶಿವದ್ರೋಹಿಯೆಂದೂ ತೀರ್ಮಾನಿಸಿದರು. ಇದು ಉದಾರವಾದ ನಡೆಯೇ ಸರಿ. ಆದರೆ ಜೈನರು ಮೊದಲು ವಿಭೂತಿ ವೀಳ್ಯಗಳನ್ನು ಸಲ್ಲಿಸಿ, ಬಳಿಕ ತಮ್ಮ ದೇವರನ್ನು ಪೂಜಿಸಬೇಕೆಂಬ ನಿಬಂಧನೆಯೂ ಅದರೊಡನೆ ಬಂದಿತು. ಪ್ರಬಲರ ಔದಾರ್ಯವನ್ನೇ ಆಶ್ರಯಿಸಿದ ಹಕ್ಕಿಗೆ ಅವರು ವಿಧಿಸಿದ ಕಾಣಿಕೆಯೂ ತಪ್ಪುವುದಿಲ್ಲ.

೧೯೫೦ರ ಜನವರಿ ೨೬ರಿಂದ ಜಾರಿಯಲ್ಲಿರುವ ನಮ್ಮ ಸಂವಿಧಾನವು ಈ ಸ್ಥಳದಲ್ಲಿಯೇ ಮುಂದಿನ ಹೆಜ್ಜೆಯನ್ನಿಟ್ಟಿತು. ಅದರ ೨೫ನೆಯ ಅನುಚ್ಛೇದವು ಅಂತಃಕರಣದ ಸ್ವಾತಂತ್ರ್ಯವನ್ನು ಎಲ್ಲ ವ್ಯಕ್ತಿಗಳಿಗೂ ಸಮಾನವಾಗಿ ಕೊಡುವುದು; ೨೬ನೆಯದು ಮತಸಮುದಾಯಗಳಿಗೆ ತಮ್ಮ ಧಾರ್ಮಿಕ ವ್ಯವಹಾರಗಳ ನಿರ್ವಹಣೆಯನ್ನು ಒಪ್ಪಿಸುವುದು; ೩೨ನೆಯದರ ಮೂಲಕ, ಮೂಲಭೂತ ಹಕ್ಕಿಗೆ ಭಂಗಬಂದ ಒಬ್ಬನೇ ಮನುಷ್ಯನೂ ಸರ್ವೋಚ್ಚ ನ್ಯಾಯಾಲಯದ ಬಾಗಿಲನ್ನು ತಟ್ಟಬಹುದು. ಅಲ್ಲಿ ಅವನು ಕರುಣೆಯನ್ನು ಬೇಡುವುದಿಲ್ಲ, ತನಗೆ ಸಲ್ಲತಕ್ಕುದನ್ನು ಕೇಳುತ್ತಾನೆ. ಸ್ಥಾಪಿತವಾದ ಹಕ್ಕಿಗಾಗಿ ಅವನು ಎದುರು ಪಕ್ಷದವರಿಗೆ ವೀಳ್ಯವನ್ನು ಸಲ್ಲಿಸಬೇಕಾಗಿಲ್ಲ.

ಹಾಗಾದರೆ ಬುಕ್ಕರಾಯನ ಕಲ್ಲಿನಿಂದ ನಾವು ಕಲಿಯತಕ್ಕುದೇನೂ ಉಳಿದಿಲ್ಲವೆ? ಉಳಿದಿದೆ. ನ್ಯಾಯಾಲಯವು ದೂರದಲ್ಲಿರುವುದು, ನೆರೆಯವನು ಹತ್ತಿರದಲ್ಲಿರುವನು. ಕಲಹದ ರಾತ್ರಿಯಲ್ಲಿ ಮೊದಲು ಬರಬಲ್ಲವನು ಅವನೇ; ಬಾರದೆ ಬಾಗಿಲನ್ನು ಮುಚ್ಚಿಕೊಳ್ಳಬಲ್ಲವನೂ ಅವನೇ. ಪರರ ದರ್ಶನಕ್ಕಾದ ಹಾನಿಯನ್ನು ತನ್ನದೆಂದು ಎಣಿಸಬೇಕೆಂಬ ವಿಧಿಯನ್ನು ಯಾವ ನ್ಯಾಯಾಧೀಶನೂ ನಮ್ಮ ಮನಸ್ಸಿನೊಳಕ್ಕೆ ಬಂದು ನಡೆಯಿಸಲಾರನು. ಹಕ್ಕನ್ನು ಬರೆದಿಡುವುದು ರಾಜ್ಯದ ಕೆಲಸ. ಬರೆದುದನ್ನು ತನ್ನ ಬೀದಿಯಲ್ಲಿ ಉಳಿಸಿಕೊಳ್ಳುವುದು, ಸಂಖ್ಯೆಯಲ್ಲಿ ಹೆಚ್ಚಾಗಿರುವವರು ಯಾರೇ ಆಗಿರಲಿ, ಅವರ ಕರ್ತವ್ಯವಾಗಿರುವುದು.