ಬಾಸ್ಕೆಟ್‌ಬಾಲ್: ಇಬ್ಬರು ರೆಫರಿಗಳು ಎಲ್ಲಿ ನಿಲ್ಲಬೇಕು?

ಬಾಸ್ಕೆಟ್‌ಬಾಲ್ ಅಂಕಣದ ಉದ್ದ 28 ಮೀಟರ್, ಅಗಲ 15 ಮೀಟರ್. ಅದರಲ್ಲಿ ಹತ್ತು ಮಂದಿ ಸದಾ ಓಡುತ್ತಿರುತ್ತಾರೆ. ಒಬ್ಬನ ಕಣ್ಣಿಗೆ ಎಲ್ಲವೂ ಕಾಣಲು ಸಾಧ್ಯವಿಲ್ಲ. ಆದ್ದರಿಂದ ಅಂತಾರಾಷ್ಟ್ರೀಯ ಸಂಸ್ಥೆ ಫಿಬಾದ ನಿಯಮದಂತೆ ಇಬ್ಬರು ಅಥವಾ ಮೂವರು ರೆಫರಿಗಳಿರುತ್ತಾರೆ. ದೊಡ್ಡ ಪಂದ್ಯಾವಳಿಗಳಲ್ಲಿ ಮೂವರು, ಶಾಲೆ ಹಾಗೂ ಕ್ಲಬ್ ಪಂದ್ಯಗಳಲ್ಲಿ ಸಾಮಾನ್ಯವಾಗಿ ಇಬ್ಬರು. ಇಬ್ಬರೂ ಚೆಂಡಿನ ಹಿಂದೆಯೇ ಓಡಿದರೆ ಎರಡನೆಯವನಿದ್ದೂ ಪ್ರಯೋಜನವಿಲ್ಲ.

ಲೀಡ್ ಮತ್ತು ಟ್ರೇಲ್

ಆಟಕ್ಕಿಂತ ಮುಂದೆ ಹೋಗಿ ಬುಟ್ಟಿಯ ಹಿಂದಿನ ಅಂತ್ಯರೇಖೆಯ ಹೊರಗೆ ನಿಲ್ಲುವವನು ಲೀಡ್. ಚೆಂಡಿಗಿಂತ ಸ್ವಲ್ಪ ಹಿಂದೆ, ಅದರ ಎಡಕ್ಕೆ ಇರುವವನು ಟ್ರೇಲ್. ಹೀಗೆ ಆಟಗಾರರೆಲ್ಲ ಇವರಿಬ್ಬರ ನಡುವೆ ಬರುತ್ತಾರೆ. ಚೆಂಡು ಎದುರಾಳಿಗಳ ಕೈಸೇರಿದ ಕೂಡಲೇ ಟ್ರೇಲ್ ಲೀಡ್ ಆಗುತ್ತಾನೆ, ಲೀಡ್ ಟ್ರೇಲ್ ಆಗುತ್ತಾನೆ.

ಬುಟ್ಟಿಯ ಕೆಳಗಿನ ನೂಕಾಟ ಮತ್ತು ಅಂತ್ಯರೇಖೆ ಲೀಡ್‌ನ ಪಾಲು. ಎಸೆದ ಚೆಂಡಿನ ಹಾರಾಟ, ಮಧ್ಯರೇಖೆ, ಅವಧಿಯ ಕೊನೆ ಕ್ಷಣದ ಎಸೆತ ಟ್ರೇಲ್‌ನ ಪಾಲು. ಪಕ್ಕದ ಗೆರೆಗಳ ವಿಷಯದಲ್ಲಿ ಲೆಕ್ಕ ಸುಲಭ: ಇಬ್ಬರೂ ತಮ್ಮ ತಮ್ಮ ಎಡಬದಿಯ ಗೆರೆಯನ್ನು ನೋಡಬೇಕು.

ಆರಂಭ ಮತ್ತು ಫ್ರೀ ಥ್ರೋ

ಪಂದ್ಯದ ಮೊದಲ ಚೆಂಡನ್ನು ಮುಖ್ಯ ರೆಫರಿ ಸ್ಕೋರರ್ ಮೇಜಿಗೆ ಮುಖ ಮಾಡಿ ಮೇಲಕ್ಕೆ ಎಸೆಯುತ್ತಾನೆ. ಅಂಪೈರ್ ಎನಿಸಿಕೊಳ್ಳುವ ಎರಡನೆಯವನು ಮೇಜಿನ ಬದಿಯ ಗೆರೆಯ ಬಳಿ ಕಾಯುತ್ತಾನೆ. ಚೆಂಡು ಯಾವ ಕಡೆ ಹೋಯಿತೋ ಆ ಕಡೆ ಓಡಿ ಲೀಡ್ ಆಗುವವನು ಅವನೇ.

ಫ್ರೀ ಥ್ರೋ ವೇಳೆ ಚೆಂಡನ್ನು ಆಟಗಾರನಿಗೆ ಕೊಡುವವನು ಲೀಡ್. ಎಸೆಯಲು ಇರುವ 5 ಸೆಕೆಂಡು ಎಣಿಸುತ್ತ ಎಸೆಯುವವನ ಮೇಲೆ ಕಣ್ಣಿಡುವವನು ಟ್ರೇಲ್.

ಫೌಲ್ ಆದಾಗ

ಸೀಟಿ ಊದುತ್ತಲೇ ಕೈ ಮೇಲೆತ್ತಬೇಕು. ಮುಷ್ಟಿ ಬಿಗಿದರೆ ಫೌಲ್, ಅಂಗೈ ತೆರೆದಿದ್ದರೆ ನಿಯಮಭಂಗ. ಬಳಿಕ ಮೇಜಿಗೆ ಸ್ಪಷ್ಟವಾಗಿ ಕಾಣುವಲ್ಲಿ ನಿಂತು ಆಟಗಾರನ ಸಂಖ್ಯೆ, ಫೌಲಿನ ಬಗೆ, ಮುಂದಿನ ಕ್ರಮವನ್ನು ಅದೇ ಅನುಕ್ರಮದಲ್ಲಿ ತೋರಿಸಬೇಕು. ಆ ಹೊತ್ತಿನಲ್ಲಿ ಇನ್ನೊಬ್ಬ ರೆಫರಿ ಆಟಗಾರರ ಮೇಲಿಂದ ಕಣ್ಣು ತೆಗೆಯಬಾರದು, ಜಗಳ ಶುರುವಾಗುವುದು ಆಗಲೇ. ವರದಿ ಮುಗಿದ ಮೇಲೆ ಸಾಮಾನ್ಯವಾಗಿ ಇಬ್ಬರೂ ಜಾಗ ಬದಲಿಸಿಕೊಳ್ಳುತ್ತಾರೆ.

ನೋಡಬೇಕಾದದ್ದು ಸಂದನ್ನು

ದಾಳಿಗಾರನ ಬೆನ್ನ ಹಿಂದೆ ನೇರವಾಗಿ ನಿಂತ ರೆಫರಿಗೆ ಮುಂದಿನ ರಕ್ಷಕನ ಕೈ ಕಾಣುವುದಿಲ್ಲ, ಅವನು ಅಂದಾಜಿನಲ್ಲಿ ಸೀಟಿ ಊದುತ್ತಾನೆ. ಎರಡು ಹೆಜ್ಜೆ ಪಕ್ಕಕ್ಕೆ ಸರಿದರೆ ಇಬ್ಬರ ನಡುವಿನ ಸಂದು ಕಾಣುತ್ತದೆ. ಕೈ ತಾಗಿತೇ, ಇಲ್ಲವೇ ಎಂಬುದು ಅಲ್ಲೇ ತೀರ್ಮಾನವಾಗುತ್ತದೆ. ಐದು ಫೌಲಿಗೆ ಆಟಗಾರ ಹೊರಹೋಗಬೇಕಾದ ಈ ಆಟದಲ್ಲಿ ಆ ಎರಡು ಹೆಜ್ಜೆಯ ಸೋಮಾರಿತನಕ್ಕೆ ಬೆಲೆ ತೆರುವವನು ತಪ್ಪು ಮಾಡದ ಹುಡುಗ.