ಕನ್ನಡಿಯೊಳಗೆ ಬಂದು ನಿಂತವರು

ಟೀವಿ, ಸಿನಿಮಾ, ಜಾಹೀರಾತು ನೋಡಿ ನೋಡಿಯೇ ಹುಡುಗಿಯರು ಊಟ ಬಿಡುತ್ತಾರೆ, ಹುಡುಗರು ಜಿಮ್ಮಿಗೆ ಓಡುತ್ತಾರೆ ಎಂಬ ಮಾತನ್ನು ಈಗ ಯಾರೂ ಪ್ರಶ್ನಿಸುವುದಿಲ್ಲ. ಮನೆಯ ಹಿರಿಯರೂ ಹೇಳುತ್ತಾರೆ, ವಾರಪತ್ರಿಕೆಗಳ ಆಪ್ತಸಲಹೆಯ ಅಂಕಣದಲ್ಲೂ ಬರುತ್ತದೆ. ಆದರೆ ಇದನ್ನು ಅಳೆದು ತೋರಿಸಲು ಹೊರಟ ಸಂಶೋಧಕರಿಗೆ ಅದು ಅಷ್ಟು ಸಲೀಸಾಗಿ ದಕ್ಕಿಲ್ಲ. ಸುಮಾರು ಐವತ್ತು ವರ್ಷಗಳ ಈ ಕೆಲಸವನ್ನು ಒಟ್ಟಿಗೆ ಇಟ್ಟು ನೋಡಿದರೆ ಪ್ರಶ್ನೆಯೇ ಮೆಲ್ಲಗೆ ಬದಲಾಗುತ್ತ ಬಂದದ್ದು ಕಾಣುತ್ತದೆ. ಮಾಧ್ಯಮ ಏನು ಮಾಡುತ್ತದೆ ಎಂದು ಕೇಳಲು ಹೊರಟವರು, ಅದು ಯಾರಿಗೆ ಮಾಡುತ್ತದೆ, ಯಾರ ಕೈಯಲ್ಲಿ ಮಾಡಿಸುತ್ತದೆ ಎಂದು ಕೇಳತೊಡಗಿದ್ದಾರೆ.

ದೇಹಬಿಂಬ, ಅಂದರೆ ಬಾಡಿ ಇಮೇಜ್ ಎಂಬ ಪರಿಕಲ್ಪನೆ ಹುಟ್ಟಿದ್ದು ಸೌಂದರ್ಯದ ಚರ್ಚೆಯಲ್ಲಲ್ಲ, ನರವೈದ್ಯರ ವಾರ್ಡಿನಲ್ಲಿ. ಮೆದುಳಿಗೆ ಪೆಟ್ಟು ಬಿದ್ದವರು, ಕೈಕಾಲು ಕಳೆದುಕೊಂಡವರು ತಮ್ಮ ದೇಹವನ್ನು ಮನಸ್ಸಿನಲ್ಲಿ ಹೇಗೆ ಕಂಡುಕೊಳ್ಳುತ್ತಾರೆ ಎಂಬುದು ಆಗಿನ ಕುತೂಹಲ. ವಿಯೆನ್ನಾದ ಮನೋವೈದ್ಯ ಪಾಲ್ ಶಿಲ್ಡರ್ 1935ರ ತನ್ನ ಪುಸ್ತಕದಲ್ಲಿ ಅದನ್ನು ವಿಸ್ತರಿಸಿದ. ನಮ್ಮ ದೇಹದ ಬಗ್ಗೆ ನಾವು ಕಟ್ಟಿಕೊಂಡ ಚಿತ್ರದಲ್ಲಿ ನಮ್ಮ ಕಣ್ಣಿನ ಪಾಲು ಎಷ್ಟಿದೆಯೋ ಸುತ್ತಲಿನವರ ಪಾಲೂ ಅಷ್ಟೇ ಇದೆ ಎಂಬುದು ಅವನ ವಾದದ ತಿರುಳು. ಮುಂದಿನ ನಾಲ್ಕು ದಶಕ ಈ ಮಾತನ್ನು ಹೆಚ್ಚು ಜನ ಕಿವಿಗೆ ಹಾಕಿಕೊಳ್ಳಲಿಲ್ಲ. 1962ರಲ್ಲಿ ಹಿಲ್ಡೆ ಬ್ರೂಖ್, ಮೂಳೆ ಚಕ್ಕಳವಾದರೂ ತಾನು ದಪ್ಪಗಿದ್ದೇನೆ ಎಂದೇ ನಂಬುವ ಅನೊರೆಕ್ಸಿಯಾ ರೋಗಿಗಳ ಬಗ್ಗೆ ಬರೆದಳು. 1973ರಲ್ಲಿ ಸ್ಲೇಡ್ ಮತ್ತು ರಸೆಲ್ ಎಂಬಿಬ್ಬರು ಅಡ್ಡಪಟ್ಟಿಯ ಮೇಲೆ ಎರಡು ದೀಪ ಕೂರಿಸಿ, ನಿನ್ನ ಸೊಂಟ ಎಷ್ಟಗಲ ತೋರಿಸು ಎಂದು ಅಂಥ ರೋಗಿಗಳನ್ನು ಕೇಳಿದರು. ಅವರು ದೀಪಗಳನ್ನು ಇದ್ದದ್ದಕ್ಕಿಂತ ದೂರ ದೂರ ಸರಿಸಿದರು. ಇಷ್ಟರಲ್ಲೆಲ್ಲೂ ಪತ್ರಿಕೆ, ಟೀವಿಯ ಸುದ್ದಿಯೇ ಇಲ್ಲ. ಅದು ರೋಗಿಯ ಕಣ್ಣಿನ ದೋಷ, ಅಷ್ಟೆ.

ಮಾಧ್ಯಮವನ್ನು ಕಟಕಟೆಗೆ ತಂದವರು ಸ್ತ್ರೀವಾದಿಗಳು. ದಪ್ಪ ಮೈಯನ್ನು ಸ್ತ್ರೀವಾದದ ಪ್ರಶ್ನೆಯಾಗಿಸಿದ ಸೂಸಿ ಆರ್ಬಾಕ್‌ಳ ಪುಸ್ತಕ 1978ರಲ್ಲಿ ಬಂತು. ಜಾಹೀರಾತುಗಳು ಹೆಣ್ಣನ್ನು ತೋರಿಸುವ ಬಗೆಯನ್ನು ಬಿಡಿಸಿಟ್ಟ ಜೀನ್ ಕಿಲ್ಬೋರ್ನ್‌ಳ ಸಾಕ್ಷ್ಯಚಿತ್ರ 1979ರಲ್ಲಿ. ಮರುವರ್ಷವೇ ಡೇವಿಡ್ ಗಾರ್ನರ್ ಮತ್ತು ಸಂಗಡಿಗರು ಟೇಪು ಹಿಡಿದು ಕೂತರು. ಪ್ಲೇಬಾಯ್ ಪತ್ರಿಕೆಯ ನಡುಪುಟದ ರೂಪದರ್ಶಿಗಳು ಮತ್ತು ಮಿಸ್ ಅಮೆರಿಕ ಸ್ಪರ್ಧಿಗಳ 1959ರಿಂದ 1978ರವರೆಗಿನ ಅಳತೆ ತೂಕ ಒಟ್ಟುಮಾಡಿದರೆ ಅವರು ತೆಳ್ಳಗಾಗುತ್ತಲೇ ಹೋಗಿದ್ದರು. ಅದೇ ಅವಧಿಯಲ್ಲಿ ಸಾಮಾನ್ಯ ಅಮೆರಿಕನ್ ಯುವತಿಯ ತೂಕ ಏರಿತ್ತು, ಮಹಿಳಾ ಪತ್ರಿಕೆಗಳಲ್ಲಿ ಡಯಟ್ ಲೇಖನಗಳು ಹೆಚ್ಚಿದ್ದವು. ಒಂದು ಏರುವಾಗ ಇನ್ನೊಂದು ಇಳಿದರೆ ಇದರಿಂದಲೇ ಅದು ಎಂದಾಗುವುದಿಲ್ಲ. ಆದರೂ ಈ ಲೇಖನ ಕ್ಷೇತ್ರದ ಗತಿ ಬದಲಿಸಿತು.

ಕ್ಷೇತ್ರಕ್ಕೆ ಸಿಕ್ಕ ಅಳತೆಗೋಲಿನ ಕತೆಯೂ ಸ್ವಾರಸ್ಯದ್ದು. ಒಂದೇ ಸಾಲಿನಲ್ಲಿ ಒಂಬತ್ತು ರೇಖಾಚಿತ್ರಗಳು. ಎಡತುದಿಯಲ್ಲಿ ಬಡಕಲು ದೇಹ, ಬಲತುದಿಯಲ್ಲಿ ಡೊಳ್ಳು ದೇಹ. ನೀನು ಯಾವುದು, ನಿನಗೆ ಯಾವುದಾಗಬೇಕು ಎಂದು ಕೇಳಿ ಒಂದರಿಂದ ಇನ್ನೊಂದನ್ನು ಕಳೆದರೆ ಅತೃಪ್ತಿಯ ಲೆಕ್ಕ ಸಿಗುತ್ತದೆ. ಸ್ಟಂಕಾರ್ಡ್ ಮತ್ತು ಸಂಗಡಿಗರು 1983ರಲ್ಲಿ ಈ ಚಿತ್ರಗಳನ್ನು ಪ್ರಕಟಿಸಿದ್ದು ಬೇರೆಯೇ ಕೆಲಸಕ್ಕೆ: ಡೆನ್ಮಾರ್ಕಿನ ದತ್ತುಮಕ್ಕಳ ಅಧ್ಯಯನದಲ್ಲಿ, ಹೆತ್ತವರ ಮೈಕಟ್ಟು ಹೇಗಿತ್ತೆಂದು ತಿಳಿಯುವುದಕ್ಕೆ. 1985ರಲ್ಲಿ ಫ್ಯಾಲನ್ ಮತ್ತು ರೋಜಿನ್ ಇವನ್ನು ಅಮೆರಿಕದ ಕಾಲೇಜು ವಿದ್ಯಾರ್ಥಿಗಳ ಮುಂದಿಟ್ಟರು. ಹುಡುಗರು ತಾವಿರುವುದಕ್ಕೂ ತಮಗೆ ಬೇಕಾದದ್ದಕ್ಕೂ ಹೆಚ್ಚುಕಮ್ಮಿ ಒಂದೇ ಚಿತ್ರ ತೋರಿಸಿದರು. ಹುಡುಗಿಯರು ಬಯಸಿದ್ದು ಹುಡುಗರು ಮೆಚ್ಚಿದ ಚಿತ್ರಕ್ಕಿಂತಲೂ ತೆಳ್ಳಗಿನದನ್ನು. ಗಂಡಸರನ್ನೇ ಕೇಳಿದಾಗಲೂ ಅವರು ಬಯಸಿದ್ದು ಅಷ್ಟು ತೆಳ್ಳಗಿನದ್ದಲ್ಲವೆಂದ ಮೇಲೆ, ಆ ತೆಳುವನ್ನು ಹುಡುಗಿಯರ ಮನಸ್ಸಿಗೆ ಹಾಕಿದವರು ಯಾರು? ಆ ಕಾಲದ ಸಂಶೋಧಕರ ಬೆರಳು ಪತ್ರಿಕೆಯ ಮುಖಪುಟದತ್ತ ತಿರುಗಿದ್ದು ಸಹಜ.

ಬೆರಳು ತೋರಿಸುವ ಭರದಲ್ಲಿ ಅವಸರವೂ ಆಯಿತು. ನವೋಮಿ ವುಲ್ಫ್‌ಳ 1990ರ ಪ್ರಸಿದ್ಧ ಪುಸ್ತಕ ಅಮೆರಿಕದಲ್ಲಿ ವರ್ಷಕ್ಕೆ 1,50,000 ಹೆಂಗಸರು ಅನೊರೆಕ್ಸಿಯಾದಿಂದ ಸಾಯುತ್ತಾರೆ ಎಂದಿತು. ಆ ಅಂಕಿ ಮೂಲದಲ್ಲಿ ರೋಗಿಗಳದ್ದು, ಸತ್ತವರದ್ದಲ್ಲ. ಮುಂದಿನ ಮುದ್ರಣದಲ್ಲಿ ಸರಿಪಡಿಸಿದರೂ ತಪ್ಪು ಲೆಕ್ಕ ಬಹಳ ದಿನ ಭಾಷಣಗಳಲ್ಲಿ ಓಡಾಡಿತು.

ಇತ್ತ ನಮ್ಮಲ್ಲಿ, 1996ರ ನವೆಂಬರಿನಲ್ಲಿ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಮಿಸ್ ವರ್ಲ್ಡ್ ಸ್ಪರ್ಧೆ ನಡೆದಾಗ ಎದ್ದ ಗಲಾಟೆ ನೆನಪಿರುವವರು ಇನ್ನೂ ಇದ್ದಾರೆ. ರೈತಸಂಘದವರು, ಮಹಿಳಾ ಸಂಘಟನೆಗಳು, ಸಂಸ್ಕೃತಿ ರಕ್ಷಕರು ಬೇರೆ ಬೇರೆ ಕಾರಣಕ್ಕೆ ಬೀದಿಗಿಳಿದರು. ಈಜುಡುಗೆಯ ಸುತ್ತು ಸೀಶೆಲ್ಸ್‌ಗೆ ಹೋಯಿತು. ಆ ವಾದವಿವಾದದಲ್ಲಿ ಮಾರುಕಟ್ಟೆಯಿತ್ತು, ಮಾನವಿತ್ತು, ದೇಶವಿತ್ತು. ನೋಡುವ ಹುಡುಗಿಯ ತಲೆಯೊಳಗೆ ಏನಾಗುತ್ತದೆ ಎಂಬುದನ್ನು ಕೇಳಿದವರು ಕಡಿಮೆ. ಎರಡೇ ವರ್ಷಕ್ಕೆ ಈಜುಡುಗೆ ಅಮೆರಿಕದ ಪ್ರಯೋಗಾಲಯದೊಳಗೆ ಬಂತು. ಸದಾ ನೋಡಿಸಿಕೊಳ್ಳುವವರು ಕೊನೆಗೆ ತಮ್ಮನ್ನು ತಾವೇ ಹೊರಗಿನ ಕಣ್ಣಿನಿಂದ ನೋಡತೊಡಗುತ್ತಾರೆ ಎಂದು ಬಾರ್ಬರಾ ಫ್ರೆಡ್ರಿಕ್ಸನ್ ಮತ್ತು ಟೋಮಿ-ಆನ್ ರಾಬರ್ಟ್ಸ್ 1997ರಲ್ಲಿ ವಾದಿಸಿದ್ದರು. ಮರುವರ್ಷ ಅದರ ಪರೀಕ್ಷೆ. ವಿದ್ಯಾರ್ಥಿನಿಯೋ ವಿದ್ಯಾರ್ಥಿಯೋ ಒಂಟಿಯಾಗಿ ಕೋಣೆಯೊಳಗೆ ಹೋಗಬೇಕು, ಕೊಟ್ಟದ್ದನ್ನು ತೊಟ್ಟು ಕನ್ನಡಿ ನೋಡಿಕೊಳ್ಳಬೇಕು. ಕೆಲವರಿಗೆ ಸ್ವೆಟರ್, ಕೆಲವರಿಗೆ ಈಜುಡುಗೆ. ತೊಟ್ಟ ಬಟ್ಟೆಯಲ್ಲೇ ಕೂತು ಗಣಿತದ ಲೆಕ್ಕ ಬಿಡಿಸಬೇಕು. ನೋಡಲು ಯಾರೂ ಇಲ್ಲ. ಆದರೂ ಈಜುಡುಗೆ ತೊಟ್ಟ ಹೆಣ್ಣುಮಕ್ಕಳ ಲೆಕ್ಕ ಕೆಟ್ಟಿತು, ಗಂಡುಮಕ್ಕಳದ್ದು ಕೆಡಲಿಲ್ಲ.

ಗಂಡಸರಿಗೆ ಈ ತಾಪತ್ರಯ ಇಲ್ಲವೆಂದಲ್ಲ. ಅದೇ ಹೊತ್ತಿಗೆ ಹ್ಯಾರಿಸನ್ ಪೋಪ್ ಮತ್ತು ಸಂಗಡಿಗರು ಜಿ.ಐ. ಜೋ ಎಂಬ ಸೈನಿಕ ಗೊಂಬೆಯ ಹಳೆಯ ಹೊಸ ಮಾದರಿಗಳ ತೋಳು ಎದೆ ಅಳೆದು, ದಶಕ ಕಳೆದಂತೆ ಗೊಂಬೆಯ ಸ್ನಾಯು ಉಬ್ಬುತ್ತ ಹೋದದ್ದನ್ನು ತೋರಿಸಿದರು. ಹೆಣ್ಣಿಗೆ ಕುಗ್ಗುವ ಆಸೆ, ಗಂಡಿಗೆ ಹಿಗ್ಗುವ ಆಸೆ.

ಸಹಸ್ರಮಾನದ ತಿರುವಿನಲ್ಲಿ ಬಂದ ಎರಡು ಅಧ್ಯಯನಗಳು ನನ್ನ ಲೆಕ್ಕದಲ್ಲಿ ಇಡೀ ಕ್ಷೇತ್ರದ ಕೀಲಿಕೈ. ಮೊದಲನೆಯದು ಎರಿಕ್ ಸ್ಟೈಸ್ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ್ದು. ಅಲ್ಲಿಯವರೆಗಿನ ಹೆಚ್ಚಿನ ಪ್ರಯೋಗಗಳು ಐದು ನಿಮಿಷ ರೂಪದರ್ಶಿಯರ ಚಿತ್ರ ತೋರಿಸಿ, ಈಗ ನಿನಗೆ ಹೇಗನ್ನಿಸುತ್ತಿದೆ ಎಂದು ಅಲ್ಲೇ ಕೇಳುವಂಥವು. ಸ್ಟೈಸ್ ತಂಡ 219 ಹದಿಹರೆಯದ ಹುಡುಗಿಯರನ್ನು ಚೀಟಿಯೆತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿನವರ ಮನೆಗೆ ಸೆವೆಂಟೀನ್ ಎಂಬ ಫ್ಯಾಶನ್ ಪತ್ರಿಕೆಯ 15 ತಿಂಗಳ ಚಂದಾ ಕಟ್ಟಿತು. ಆಮೇಲೆ ಕಾದು ನೋಡಿತು. ಎಲ್ಲರನ್ನೂ ಒಟ್ಟಿಗೆ ತೆಗೆದುಕೊಂಡರೆ ಪರಿಣಾಮವೇನೂ ಇಲ್ಲ. ಹಾಗೆಂದು ಪತ್ರಿಕೆಗೆ ಖುಲಾಸೆ ಸಿಗಲಿಲ್ಲ. ಮೊದಲೇ ತನ್ನ ಮೈ ಬಗ್ಗೆ ಬೇಸರವಿದ್ದವಳು, ತೆಳ್ಳಗಾಗು ಎಂಬ ಒತ್ತಾಯ ಸುತ್ತಲೂ ಇದ್ದವಳು, ಒತ್ತಾಸೆಗೆ ಜನ ಇಲ್ಲದವಳು ಇನ್ನಷ್ಟು ಕುಸಿದಿದ್ದಳು. ಒಂದೇ ಪತ್ರಿಕೆ ಒಬ್ಬಳಿಗೆ ಹೊತ್ತು ಕಳೆಯುವ ಸಾಮಾನು, ಇನ್ನೊಬ್ಬಳಿಗೆ ಗಾಯದ ಮೇಲಿನ ಬರೆ.

ಎರಡನೆಯದು ಫಿಜಿಯದ್ದು. ಹಾರ್ವರ್ಡಿನ ಮನೋವೈದ್ಯೆ, ಮಾನವಶಾಸ್ತ್ರಜ್ಞೆ ಆ್ಯನ್ ಬೆಕರ್ 1980ರ ದಶಕದಿಂದಲೇ ಅಲ್ಲಿಗೆ ಹೋಗಿಬರುತ್ತಿದ್ದಳು. ಅಲ್ಲಿ ತುಂಬಿದ ಮೈಗೆ ಮರ್ಯಾದೆ. ದಾರಿಹೋಕರನ್ನು ಬಾ, ಉಣ್ಣು ಎಂದು ಕರೆಯುವುದು ರೂಢಿ. ಒಬ್ಬಳು ಸೊರಗಿದರೆ ಅವಳನ್ನು ನೋಡಿಕೊಳ್ಳುವವರಿಲ್ಲವೇ ಎಂದು ಊರು ಕೇಳುತ್ತಿತ್ತು. ಹಸಿವು ಕಟ್ಟುವುದಕ್ಕೇ ಒಂದು ಕಾಯಿಲೆಯ ಹೆಸರು, ಅದಕ್ಕೆ ಗಿಡಮೂಲಿಕೆಯ ಮದ್ದು. ಮೈಯೆಂಬುದು ಒಬ್ಬಳ ಖಾಸಗಿ ಆಸ್ತಿಯಲ್ಲ, ಮನೆಯವರ ಆರೈಕೆಗೆ ಸಿಕ್ಕ ಅಂಕಪಟ್ಟಿ. ನಮ್ಮ ಹಳ್ಳಿಗಳ ಅಜ್ಜಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಂದ್ರೋಂಗಾ ಪ್ರಾಂತ್ಯಕ್ಕೆ 1995ರಲ್ಲಿ ಟೀವಿ ಬಂತು. ಬಂದ ಕೆಲವೇ ವಾರಗಳಲ್ಲಿ ಬೆಕರ್ 63 ಫಿಜಿಯನ್ ಶಾಲಾ ಹುಡುಗಿಯರನ್ನು ಮಾತಾಡಿಸಿದಳು. 1998ರಲ್ಲಿ ಅದೇ ಶಾಲೆಗಳ ಬೇರೆ 65 ಮಂದಿಯನ್ನು. ಆಹಾರದ ಬಗ್ಗೆ ರೋಗದಂಚಿನ ಧೋರಣೆ ತೋರಿದವರು 12.7 ಶೇಕಡಾದಿಂದ 29.2ಕ್ಕೆ ಏರಿದ್ದರು. ತೂಕ ಇಳಿಸಲು ವಾಂತಿ ಮಾಡಿಕೊಳ್ಳುವವರು ಮೊದಲು ಒಬ್ಬರೂ ಇರಲಿಲ್ಲ, ಮೂರು ವರ್ಷಕ್ಕೆ 11.3 ಶೇಕಡಾ. ತಾನು ತೀರ ದಪ್ಪ ಎಂದು ಕೆಲವೊಮ್ಮೆಯಾದರೂ ಅನ್ನಿಸಿದವರು 74 ಶೇಕಡಾ. 2002ರಲ್ಲಿ ಪ್ರಕಟವಾದ ಈ ಅಂಕಿಗಳು ಪಠ್ಯಪುಸ್ತಕಗಳಿಗೆಲ್ಲ ಹೋಗಿವೆ. ಅಷ್ಟಾಗಿ ಹೋಗದೆ ಉಳಿದದ್ದು ಹುಡುಗಿಯರು ಕೊಟ್ಟ ಕಾರಣಗಳು. ಅಮೆರಿಕದ ಧಾರಾವಾಹಿಗಳ ನಾಯಕಿಯರಂತಾಗಬೇಕು ಎಂದವರು ಅದರ ಜೊತೆಗೇ ಕೆಲಸದ ಮಾತಾಡಿದ್ದರು. ಟೀವಿ ತೋರಿಸಿದ ಜಗತ್ತಿನಲ್ಲಿ ನೌಕರಿ, ಪಟ್ಟಣ, ಸ್ವಂತ ಸಂಪಾದನೆ ಇತ್ತು. ಅದೆಲ್ಲ ತೆಳ್ಳನೆಯ ಹೆಂಗಸರ ಕೈಯಲ್ಲಿತ್ತು. ಮೈ ಕರಗಿಸುವುದು ಆ ಹುಡುಗಿಯರಿಗೆ ಚೆಲುವಿನ ಹುಚ್ಚಾಗಿರಲಿಲ್ಲ, ಅರ್ಜಿ ಹಾಕುವ ಒಂದು ವಿಧಾನವಾಗಿತ್ತು.

ಇದನ್ನು ಓದುವಾಗ ನನಗೆ ನಮ್ಮ ಫೇರ್ ಅಂಡ್ ಲವ್ಲಿ ನೆನಪಾಗುತ್ತದೆ. 1975ರಲ್ಲಿ ಮಾರುಕಟ್ಟೆಗೆ ಬಂದ ಆ ಕ್ರೀಮಿನ ಒಂದು ಜಾಹೀರಾತಿನಲ್ಲಿ, ಮಗನಿದ್ದಿದ್ದರೆ ಆಗುತ್ತಿತ್ತು ಎಂದು ಅಪ್ಪ ಕೊರಗುತ್ತಾನೆ. ಮಗಳು ಕ್ರೀಮು ಹಚ್ಚಿ, ಬೆಳ್ಳಗಾಗಿ, ಗಗನಸಖಿಯಾಗಿ ಅಪ್ಪನನ್ನು ಕಾಪಿ ಕುಡಿಸಲು ಕರೆದೊಯ್ಯುತ್ತಾಳೆ. ಮಹಿಳಾ ಸಂಘಟನೆಗಳ ದೂರಿನ ಮೇಲೆ 2003ರಲ್ಲಿ ಅದು ಟೀವಿಯಿಂದ ಮರೆಯಾಯಿತು. ಕಪ್ಪು ಬಣ್ಣದವರನ್ನು ಕೀಳಾಗಿ ತೋರಿಸಕೂಡದು ಎಂದು ಜಾಹೀರಾತು ಮಾನದಂಡ ಮಂಡಳಿ 2014ರಲ್ಲಿ ನಿಯಮ ಮಾಡಿತು. 2020ರಲ್ಲಿ ಕ್ರೀಮಿನ ಹೆಸರಿನಿಂದ ಬಿಳುಪು ಹೋಗಿ ಹೊಳಪು ಬಂತು. ಇಷ್ಟೆಲ್ಲ ಆದರೂ ದೇಹಬಿಂಬದ ಅಂತಾರಾಷ್ಟ್ರೀಯ ಸಾಹಿತ್ಯದಲ್ಲಿ ಮೈಬಣ್ಣ ಬಹುಕಾಲ ಅಡಿಟಿಪ್ಪಣಿಯಾಗಿಯೇ ಉಳಿಯಿತು. ಒಂಬತ್ತು ರೇಖಾಚಿತ್ರಗಳಲ್ಲಿ ಬಣ್ಣವಿಲ್ಲ. ಅಳೆಯಲು ಸುಲಭವಾದದ್ದನ್ನೇ, ಅಂದರೆ ಬಿಳಿಯ ಕಾಲೇಜು ಹುಡುಗಿಯರ ಸೊಂಟವನ್ನೇ, ಈ ಕ್ಷೇತ್ರ ಅತಿಯಾಗಿ ಅಳೆದಿದೆ ಎಂಬ ನನ್ನ ತಕರಾರು ಇಲ್ಲಿಯದು. ಏಷ್ಯಾದ ವೈದ್ಯರು ಎಚ್ಚರಿಸದೆ ಇರಲಿಲ್ಲ. ಹಾಂಕಾಂಗಿನ ಸಿಂಗ್ ಲೀ, ದೆಹಲಿಯ ಖಂಡೇಲ್‌ವಾಲ್ ಮತ್ತು ಸಂಗಡಿಗರು 1990ರ ದಶಕದಲ್ಲೇ, ಊಟ ಬಿಟ್ಟು ಸೊರಗಿದ್ದರೂ ದಪ್ಪಗಾಗುವ ಭಯವೇ ಇಲ್ಲದ ರೋಗಿಗಳ ಬಗ್ಗೆ ಬರೆದಿದ್ದರು.

ಪ್ರಯೋಗಗಳನ್ನೆಲ್ಲ ಕೂಡಿಸಿ ಲೆಕ್ಕ ಹಾಕುವ ಕಾಲ ಆಮೇಲೆ ಬಂತು. 2002ರಲ್ಲಿ 25 ಅಧ್ಯಯನಗಳನ್ನು, 2008ರಲ್ಲಿ 77 ಅಧ್ಯಯನಗಳನ್ನು ಒಟ್ಟುಮಾಡಿದವರು ಪರಿಣಾಮ ಇದೆ ಎಂದರು. ಅದು ಸಣ್ಣದರಿಂದ ಮಧ್ಯಮ ಗಾತ್ರದ್ದು. 2013ರಲ್ಲಿ ಕ್ರಿಸ್ಟೋಫರ್ ಫರ್ಗ್ಯೂಸನ್ 204 ಅಧ್ಯಯನಗಳನ್ನು ಗುಡ್ಡೆಹಾಕಿ, ಹೆಚ್ಚಿನವರ ಮೇಲೆ ಪರಿಣಾಮ ಇಲ್ಲವೆಂಬಷ್ಟು ಕಡಿಮೆ, ಮೊದಲೇ ಅತೃಪ್ತಿಯಿದ್ದ ಹೆಂಗಸರ ಮಟ್ಟಿಗೆ ಮಾತ್ರ ಏನೋ ಇದೆ ಎಂದ. ಜಗಳ ಜೋರಾಗಿಯೇ ನಡೆಯಿತು. ಆದರೆ ಎರಡೂ ಕಡೆಯವರು ಸ್ಟೈಸ್‌ನ ಆ ಚಂದಾದಾರ ಹುಡುಗಿಯರ ಹತ್ತಿರವೇ ಬಂದು ನಿಂತಿದ್ದಾರೆ.

ಅಷ್ಟರಲ್ಲಿ ಬೆಕರ್ ಮತ್ತೆ ಫಿಜಿಯಲ್ಲಿದ್ದಳು. 523 ಶಾಲಾ ಹುಡುಗಿಯರ ಮೇಲಿನ ಅಧ್ಯಯನ 2011ರಲ್ಲಿ ಹೊರಬಂತು. ಹುಡುಗಿ ತಾನು ಎಷ್ಟು ಟೀವಿ ನೋಡುತ್ತಾಳೆ ಎಂಬುದಕ್ಕಿಂತ ಅವಳ ಗೆಳತಿಯರು ಎಷ್ಟು ನೋಡುತ್ತಾರೆ ಎಂಬುದಕ್ಕೂ ಅವಳ ಊಟದ ತೊಂದರೆಗೂ ಹೆಚ್ಚಿನ ನಂಟು ಕಂಡಿತು. ಮನೆಯಲ್ಲಿ ಟೀವಿ ಇಲ್ಲದಿದ್ದರೂ ಪಾರಾಗುವಂತಿಲ್ಲ. ತರಗತಿಯ ಹರಟೆಯಲ್ಲಿ, ಊಟದ ಡಬ್ಬಿ ಬಿಚ್ಚುವ ಹೊತ್ತಿನ ಟೀಕೆಯಲ್ಲಿ ಅದು ಬಂದು ಸೇರುತ್ತದೆ. ನಿಕರಾಗುವಾದ ಕೆರಿಬಿಯನ್ ಕರಾವಳಿಯಲ್ಲಿ, ಕರೆಂಟು ಇರುವ ಮತ್ತು ಇಲ್ಲದ ಹಳ್ಳಿಗಳನ್ನು ಹೋಲಿಸಿದ ಲಿಂಡಾ ಬೂತ್ರಾಯ್ಡ್ ತಂಡವೂ ಟೀವಿ ಹೆಚ್ಚಿದ್ದ ಕಡೆ ತೆಳ್ಳನೆಯ ಹೆಣ್ಣನ್ನು ಮೆಚ್ಚುವವರು ಹೆಚ್ಚು ಎಂದು ಕಂಡುಕೊಂಡಿತು.

ಸಾಮಾಜಿಕ ಜಾಲತಾಣಗಳು ಮಾಡಿದ್ದು ಇದನ್ನೇ ಇನ್ನೊಂದು ಹೆಜ್ಜೆ ಮುಂದೆ: ಗೆಳತಿಯೂ ಪರದೆಯೂ ಒಂದೇ ಆದವು. ಆಸ್ಟ್ರೇಲಿಯಾದ ಜಾಸ್ಮಿನ್ ಫರ್ಡೌಲಿ 2015ರಲ್ಲಿ ಫೇಸ್‌ಬುಕ್ ಬಳಸುವ ಯುವತಿಯರನ್ನು ಕೇಳಿದಾಗ, ಅವರನ್ನು ಹೆಚ್ಚು ಕಾಡುತ್ತಿದ್ದದ್ದು ಅಷ್ಟೇನೂ ಆಪ್ತರಲ್ಲದ ಓರಗೆಯವರ ಜೊತೆಗಿನ ಹೋಲಿಕೆ. ಸಿನಿಮಾ ನಟಿಯ ಮೈಕಟ್ಟಿಗೆ ದುಡ್ಡು, ತರಬೇತುದಾರ, ಕ್ಯಾಮೆರಾ ಎಂಬ ಸಮಜಾಯಿಷಿ ಉಂಟು. ಪಿಯುಸಿಯಲ್ಲಿ ಜೊತೆಗೆ ಓದಿದವಳಿಗೆ ಅದಿಲ್ಲ. 2021ರ ಸೆಪ್ಟೆಂಬರಿನಲ್ಲಿ ಫೇಸ್‌ಬುಕ್ ಕಂಪನಿಯ ಮಾಜಿ ನೌಕರೆ ಫ್ರಾನ್ಸೆಸ್ ಹಾಗನ್ ಹೊರಗೆ ತಂದ ಕಡತಗಳಲ್ಲಿ, ಮೂವರಲ್ಲಿ ಒಬ್ಬ ಹದಿಹರೆಯದ ಹುಡುಗಿಯ ದೇಹಬಿಂಬದ ತೊಂದರೆಯನ್ನು ಇನ್‌ಸ್ಟಾಗ್ರಾಂ ಇನ್ನೂ ಕೆಡಿಸುತ್ತದೆ ಎಂದು ಕಂಪನಿಯ ಒಳಗಿನವರೇ ಬರೆದಿದ್ದರು. ಆ ಲೆಕ್ಕ ಮೊದಲೇ ತೊಂದರೆಯಿದ್ದವರದ್ದು ಮಾತ್ರ ಎಂದು ಕಂಪನಿ ಸಮರ್ಥಿಸಿಕೊಂಡಿತು. ಕ್ಷೇತ್ರದ ಇತಿಹಾಸ ಬಲ್ಲವರಿಗೆ ಅದು ಸಮರ್ಥನೆಯಂತೆ ಕೇಳಿಸುವುದಿಲ್ಲ.

ಸರ್ಕಾರಗಳು ಹಿಡಿದದ್ದು ಚೀಟಿ ಅಂಟಿಸುವ ದಾರಿ. ಇಸ್ರೇಲ್ 2013ರಿಂದ, ಫ್ರಾನ್ಸ್ 2017ರಿಂದ, ನಾರ್ವೆ 2022ರಿಂದ ತಿದ್ದಿದ ಚಿತ್ರಗಳಿಗೆ ಹಾಗೆಂದು ಗುರುತು ಹಾಕಿಸುತ್ತಿವೆ. ಮಾರಿಕಾ ಟಿಗ್ಗೆಮನ್ ಮತ್ತು ಸಂಗಡಿಗರ ಪ್ರಯೋಗಗಳಲ್ಲಿ ಈ ಚೀಟಿಯಿಂದ ಲಾಭ ಕಾಣಲಿಲ್ಲ. ಕಣ್ಣಿನ ಚಲನೆ ಅಳೆದಾಗ, ಇಂಥ ಅಂಗವನ್ನು ತಿದ್ದಲಾಗಿದೆ ಎಂದು ಬರೆದಿದ್ದರೆ ನೋಡುಗರ ಕಣ್ಣು ನೇರ ಆ ಅಂಗಕ್ಕೇ ಹೋಗುತ್ತಿತ್ತು.

ಕೆನಡಾದ ಒಂದು ಪ್ರಯೋಗ ಬೇರೆ ದಾರಿ ಹಿಡಿಯಿತು. 2023ರಲ್ಲಿ ಪ್ರಕಟವಾದ ಅದರಲ್ಲಿ, ಮನಸ್ಸಿನ ದುಗುಡವಿದ್ದ 17ರಿಂದ 25 ವಯಸ್ಸಿನ 220 ವಿದ್ಯಾರ್ಥಿಗಳಲ್ಲಿ ಅರ್ಧದಷ್ಟು ಮಂದಿ ಮೂರು ವಾರ ಜಾಲತಾಣಗಳನ್ನು ದಿನಕ್ಕೆ ಒಂದು ಗಂಟೆಗೆ ಇಳಿಸಿದರು. ತಮ್ಮ ರೂಪ, ತೂಕದ ಬಗ್ಗೆ ಅವರ ಅಭಿಪ್ರಾಯ ಸುಧಾರಿಸಿತು. ಮೂರು ವಾರ ಸಣ್ಣ ಅವಧಿ, ನಿಜ. ಇನ್ನೂ ದೊಡ್ಡ ತೊಡಕೆಂದರೆ ಯಾರಿಗೆ ಯಾವ ಚಿತ್ರ ಎಷ್ಟು ಹೊತ್ತು ಬಂತು ಎಂಬ ಲೆಕ್ಕ ಸಂಶೋಧಕರ ಕೈಯಲ್ಲಿಲ್ಲ, ಕಂಪನಿಗಳ ಸರ್ವರಿನಲ್ಲಿದೆ. ಗಾರ್ನರ್ ಹಳೆಯ ಪತ್ರಿಕೆಗಳನ್ನು ತೆರೆದು ಅಳೆಯಬಹುದಿತ್ತು. ಇಂದಿನ ಫೀಡು ಒಬ್ಬೊಬ್ಬರಿಗೆ ಒಂದೊಂದು. 2024ರ ಫೆಬ್ರವರಿಯಿಂದ ಪೂರ್ತಿ ಜಾರಿಗೆ ಬಂದ ಯುರೋಪಿನ ಡಿಜಿಟಲ್ ಸೇವೆಗಳ ಕಾಯ್ದೆ, ಮಾನ್ಯತೆ ಪಡೆದ ಸಂಶೋಧಕರು ಆ ಲೆಕ್ಕವನ್ನು ಕೇಳಿ ಪಡೆಯಲು ಅವಕಾಶ ಕೊಟ್ಟಿದೆ. ನಮ್ಮಲ್ಲಿ ಅಂಥದೊಂದು ಕಾನೂನು ಇನ್ನೂ ಇಲ್ಲ.